ಕಪ್ಪು ಮೂರರಿಂದ ಕಪ್ಪು ಒಂದಕ್ಕೆ

ಗಂಟಲು ಒಡೆದದ್ದು ಕೃಷ್ಣನ ಪದ್ಯದಲ್ಲಿ. ಸಂಧಾನದ ಸೀನು. ಮಳವಳ್ಳಿ ಕಡೆಯ ಒಂದು ಊರು, ಹಾಲಿನ ಡೈರಿ ಪಕ್ಕದ ಸಮುದಾಯ ಭವನ, ರಾತ್ರಿ ಹತ್ತೂವರೆ. ಕೃಷ್ಣನ ಪಾರ್ಟು ಹಿಡಿದಿದ್ದ ಹುಡುಗ ಮೇಲಿನ ಷಡ್ಜ (ಎತ್ತರದ 'ಸ') ಅಂದರೆ ಹೆದರಿ ಕುತ್ತಿಗೆ ಒಳಕ್ಕೆ ಎಳೆದುಕೊಳ್ಳುತ್ತಿದ್ದ. "ಹಂಗಲ್ಲ ಕಣ್ಲಾ, ಇಲ್ನೋಡು" ಅಂತ ನಾನೇ ಎತ್ತಿದೆ. ಷಡ್ಜ ಬರಬೇಕಾದ ಜಾಗದಲ್ಲಿ ಎರಡು ದನಿ ಒಟ್ಟಿಗೆ ಬಂತು. ಒಂದು ನನ್ನದು, ಇನ್ನೊಂದು ಯಾರದೋ. ಹಾರ್ಮೋನಿಯಂನಲ್ಲಿ ಪಕ್ಕಪಕ್ಕದ ಎರಡು ಕೀ ಒಟ್ಟಿಗೆ ಒತ್ತಿದರೆ ಬರುತ್ತಲ್ಲ, ಹಾಗೆ. ಆಮೇಲೆ ಬರೀ ಗಾಳಿ.

ಹುಡುಗರು ನಕ್ಕರು. ನಾನೂ ನಕ್ಕೆ. ಟೀ ತರಿಸಿ ಕುಡಿದು ಮತ್ತೆ ಎತ್ತಿದೆ. ಮತ್ತೆ ಅದೇ.

ಮಂಡ್ಯ ಸೀಮೆಯವರಿಗೆ ನನ್ನ ಕೆಲಸ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ನಾನು ಪೌರಾಣಿಕ ನಾಟಕದ ಹಾರ್ಮೋನಿಯಂ ಮೇಷ್ಟ್ರು. ನಮ್ಮ ಕಡೆ ಊರಿನವರೇ ಸೇರಿ, ಕೈಯಿಂದ ದುಡ್ಡು ಹಾಕಿ ಕುರುಕ್ಷೇತ್ರ ಆಡುತ್ತಾರೆ. ಕಬ್ಬು ಬೆಳೆಯುವವನು, ಲೈನ್‌ಮನ್ನು, ಕೋಳಿ ಅಂಗಡಿಯವನು, ಪಂಚಾಯ್ತಿ ಮೆಂಬರು. ದುರ್ಯೋಧನ, ಕೃಷ್ಣನ ಪಾರ್ಟಿಗೆ ಜಾಸ್ತಿ ದುಡ್ಡು, ಚಿಲ್ಲರೆ ಪಾರ್ಟಿಗೆ ಕಮ್ಮಿ. ಹಾಲು ಹಾಕಿ, ಊಟ ಮುಗಿಸಿ ರಾತ್ರಿ ಎಂಟಕ್ಕೆ ಸೇರಿದರೆ ಹನ್ನೊಂದರ ತನಕ ಪ್ರಾಕ್ಟೀಸು. ಹೀಗೆ ಮೂರು ತಿಂಗಳು. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ, ಅದೂ ಕೊನೆಯ ಒಂದೆರಡು ದಿನಕ್ಕೆ. ಅಲ್ಲಿವರೆಗೆ ದ್ರೌಪದಿಯೂ ನಾನೇ, ಕುಂತಿಯೂ ನಾನೇ.

ಸ್ವರ ಬರೆದುಕೊಟ್ಟರೆ ನಮ್ಮ ಹುಡುಗರಿಗೆ ಆಗದು. ಕಿವಿಯಿಂದ ಕಲಿಯುವವರು. ಒಂದು ಕಂದ ಪದ್ಯ ಒಬ್ಬನ ಬಾಯಿಗೆ ಕೂರಬೇಕಾದರೆ ಐವತ್ತು ಸಲವಾದರೂ ಹಾಡಿ ತೋರಿಸಬೇಕು. ಎಷ್ಟು ಪಾರ್ಟು, ಎಷ್ಟು ಪದ್ಯ, ನೀವೇ ಲೆಕ್ಕ ಹಾಕಿ. ಅದೂ ಕಪ್ಪು ಮೂರರ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ಮೂರನೇ ಕಪ್ಪು ಕೀಯನ್ನೇ 'ಸ' ಮಾಡಿಕೊಂಡು ಹಾಡುವ ಎತ್ತರದ ಶ್ರುತಿ. ನಮ್ಮ ಗುರುಗಳು ಕಲಿಸಿದ್ದು ಆ ಶ್ರುತಿಗೆ, ಅವರ ಗುರುಗಳು ಅವರಿಗೆ ಕಲಿಸಿದ್ದೂ ಅದಕ್ಕೇ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಕೇಳಬೇಕು ಅಂದರೆ ಮೇಲೆ ಹತ್ತಲೇಬೇಕಿತ್ತು. ಈಗ ಸ್ಟೇಜಿನ ಎರಡೂ ಕಡೆ ಆಳೆತ್ತರದ ಸ್ಪೀಕರ್ ಇಟ್ಟಿರುತ್ತಾರೆ. ಆದರೂ ಕಪ್ಪು ಮೂರು. ಯಾಕೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ನಾಟಕದ ಮೇಷ್ಟ್ರು ಆಗಬೇಕು ಅಂತ ನಾನೇನೂ ಹೊರಟವನಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಮೈಸೂರಿಗೆ ಹೋದದ್ದು ಕಚೇರಿ ಹಾಡುಗಾರ ಆಗಲು. ದೇವರಾಜ ಮಾರ್ಕೆಟ್ ಹತ್ತಿರ ಮೂರು ಜನ ಸೇರಿ ಒಂದು ರೂಮು. ಬೆಳಗ್ಗೆ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವುದು, ಸಂಜೆ ಪಾಠ. ಗಣಪತಿ ಹಬ್ಬ ಬಂದರೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಪೆಂಡಾಲಿಗೆ ಓಟ. ದೊಡ್ಡ ದೊಡ್ಡವರ ಕಚೇರಿ, ರಸ್ತೆಯಲ್ಲಿ ನಿಂತು ಕೇಳುವುದು. ಹಳೇ ಕಾಲದ ದೊಡ್ಡ ಹಾಡುಗಾರರು ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ ಕೂತು ಕೇಳಿದ್ದೂ ಇದೆ. ಸಂಗೀತದ ಪರೀಕ್ಷೆಗಳಲ್ಲಿ ಜೂನಿಯರ್ ಪಾಸಾಯಿತು, ಸೀನಿಯರ್ ಪಾಸಾಯಿತು. ವಿದ್ವತ್ ಎರಡು ಸಲ ಕಟ್ಟಿ ಎರಡು ಸಲವೂ ಹೋಯಿತು. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದರು, ಊರಿಗೆ ಬಂದೆ. ಒಬ್ಬ ಹಿರಿಯ ಮೇಷ್ಟ್ರಿಗೆ ಹಾರ್ಮೋನಿಯಂ ಹೊರುವ ಹುಡುಗನಾಗಿ ಸೇರಿ, ಅವರು ಕಣ್ಣು ಮುಚ್ಚಿದ ಮೇಲೆ ಆ ಪೆಟ್ಟಿಗೆ ಮುಂದೆ ನಾನೇ ಕೂತೆ. ಮೈಸೂರಿನ ಹಳೆಯ ಗೆಳೆಯರು ಸಿಕ್ಕಾಗ "ಈಗ ಏನ್ ಮಾಡ್ತಿದ್ದೀರಿ?" ಅಂದರೆ "ನಾಟಕ" ಅನ್ನುತ್ತಿದ್ದೆ, ಮಾತು ಬೇಗ ಬದಲಾಯಿಸುತ್ತಿದ್ದೆ. ಆ ನಾಚಿಕೆ ಹೋಗಲು ಹತ್ತು ವರ್ಷ ಹಿಡಿಯಿತು.

2020ರ ಮಾರ್ಚ್‌ನಲ್ಲಿ ಕೊರೋನಾ ಬಂತು. ಸೀನರಿ ಮಡಚಿ ಇಟ್ಟವರು ಮತ್ತೆ ಬಿಚ್ಚಲು ಎರಡು ವರ್ಷ ಆಯಿತು. ನಾನು ಆ ಎರಡು ವರ್ಷ ಗಂಟಲಿಗೆ ಕೆಲಸವನ್ನೇ ಕೊಡಲಿಲ್ಲ. ಹಾಡುವುದು ಯಾರಿಗೆ? 2022ರಲ್ಲಿ ಒಂದೇ ಸಲ ಎಲ್ಲಾ ಊರಿಗೂ ನಾಟಕದ ಹುಚ್ಚು ಹತ್ತಿತು. ಸಾಲ ಇತ್ತು. ಬಂದವರಿಗೆಲ್ಲಾ ಹೂಂ ಅಂದೆ. ವರ್ಷಕ್ಕೆ ಎರಡು ಊರು ಕಲಿಸುತ್ತಿದ್ದವನು ಒಂದೇ ಸೀಸನ್ನಿನಲ್ಲಿ ಐದು ಊರು ಹಿಡಿದೆ. ಒಂದು ಊರಿಗೆ ಸಂಜೆ, ಇನ್ನೊಂದಕ್ಕೆ ರಾತ್ರಿ. ಎರಡು ವರ್ಷ ಮೂಲೆಯಲ್ಲಿದ್ದ ಎತ್ತನ್ನು ತಂದು ನೇರ ಕಬ್ಬಿನ ಗಾಡಿಗೆ ಕಟ್ಟಿದಂತೆ.

ಗಂಟಲು ಒಡೆದ ಮೇಲೆ ಶುರುವಾಯಿತು ನೋಡಿ ಉಪದೇಶ. ಕಾಳುಮೆಣಸು ಜೇನು. ಅತಿಮಧುರದ ಚಕ್ಕೆ. ಕಲ್ಲುಸಕ್ಕರೆ. ಅರಿಶಿನದ ಹಾಲು. ದೊಡ್ಡಪತ್ರೆ ರಸ. ಎಲ್ಲಾ ಮಾಡಿದೆ. ಭೀಮನ ಪಾರ್ಟಿನವನು "ಒಂದ್ ಪೆಗ್ ಬ್ರಾಂದಿಗೆ ಮೆಣ್ಸಿನ್ ಪುಡಿ ಹಾಕ್ಕಂಡ್ ಎತ್ತಿ ಮೇಷ್ಟ್ರೇ" ಅಂದ. ಅದೊಂದು ಮಾಡಲಿಲ್ಲ. ಅಕ್ಕ ಬಂದವಳು ನನ್ನ ಮುಖವನ್ನೇ ನೋಡಿ, "ನಿಂಗೆ ಯಾರೋ ಆಗ್ದೋರು ಮದ್ದಿಕ್ಕವ್ರೆ ಕಣಪ್ಪ, ಟೀಗೆ ಹಾಕಿ ಕೊಟ್ಟವ್ರೆ" ಅಂತ ತೀರ್ಪು ಕೊಟ್ಟಳು. ಪಕ್ಕದ ತಾಲೂಕಿನ ಇನ್ನೊಬ್ಬ ಮೇಷ್ಟ್ರ ಮೇಲೆ ಅವಳ ಅನುಮಾನ. ಮದ್ದು ತೆಗೆಯುವವರ ಮನೆಗೂ ಹೋಗಿ ಬಂದೆ. ನಂಬಿ ಹೋದೆ ಅಂತಲ್ಲ. ಐದು ಊರಿನ ಅಡ್ವಾನ್ಸ್ ಖರ್ಚು ಮಾಡಿ ಕೂತವನು ಯಾವ ಬಾಗಿಲನ್ನೂ ಬಿಡುವುದಿಲ್ಲ.

ಡಾಕ್ಟರ ಹತ್ತಿರ ಹೋಗಲಿಲ್ಲ ಅಂತಲೂ ಅಲ್ಲ. ಒಂದು ಕ್ಲಿನಿಕ್ಕಿನಲ್ಲಿ ಮೂರು ಸಲ ಆ್ಯಂಟಿಬಯೋಟಿಕ್ ಕೊಟ್ಟರು. ಗಂಟಲ ಒಳಗೆ ಟಾರ್ಚ್ ಬಿಟ್ಟು "ಇನ್ಫೆಕ್ಷನ್" ಅಂದರು. ಟಾರ್ಚಿಗೆ ಕಾಣುವ ಜಾಗದಲ್ಲಿ ದನಿ ಹುಟ್ಟುವುದೇ ಇಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ. ಮಳವಳ್ಳಿ ಕಡೆಯ ನಾಟಕದ ದಿನ ಅಲ್ಲೇ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ಏನು ಮಾಯೆಯೋ, ಆ ರಾತ್ರಿ ದನಿ ತೆರೆಯಿತು. ಹುಡುಗರು ಎಲ್ಲಿ ತಡವರಿಸಿದರೂ ಪೆಟ್ಟಿಗೆ ಹಿಂದಿನಿಂದ ನಾನೇ ಎತ್ತಿಕೊಟ್ಟೆ, ಬೆಳಗಿನ ಜಾವ ಗದಾಯುದ್ಧದ ತನಕ. ಮಾರನೇ ದಿನ ಎದ್ದರೆ ದನಿಯೇ ಇಲ್ಲ. ಊತ ಇಳಿಸಿ ನೋವು ಮರೆಸುವ ಇಂಜೆಕ್ಷನ್ ಅದು, ಗಾಯ ವಾಸಿ ಮಾಡುವುದಲ್ಲ. ಉಳುಕಿದ ಕಾಲಿಗೆ ನೋವಿನ ಮಾತ್ರೆ ನುಂಗಿ ಕಬಡ್ಡಿ ಆಡಿದ್ದೆ ನಾನು.

ದಾರಿ ತೋರಿಸಿದ್ದು ಆ ನಾಟಕದ ದ್ರೌಪದಿ. ಇಪ್ಪತ್ತು ವರ್ಷದಿಂದ ಊರೂರು ತಿರುಗಿ ಪಾರ್ಟು ಮಾಡುವ ಹೆಣ್ಣುಮಗಳು. ಮುಖದ ಬಣ್ಣ ಒರೆಸುತ್ತಾ ಹೇಳಿದಳು: "ಅಣ್ಣಾ, ಇದು ಸೀತ ಅಲ್ಲ. ನಂಗೂ ಹಿಂಗೇ ಆಗಿತ್ತು, ಗಂಟು ಅಂದ್ರು. ಮೂರ್ ವಾರಕ್ಕಿಂತ ಜಾಸ್ತಿ ಗೊಗ್ಗರು ದನಿ ಇದ್ರೆ ಸುಮ್ನಿರಬಾರ್ದಂತೆ. ಮೈಸೂರ್ಗೋಗಿ, ಸ್ಪೀಚ್ ಅಂಡ್ ಹಿಯರಿಂಗ್‌ಗೆ." ನನಗೆ ಆಗ ತಿಂಗಳುಗಳೇ ಆಗಿದ್ದವು.

ಸ್ಪೀಚ್ ಅಂಡ್ ಹಿಯರಿಂಗ್ ಅಂದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1960ರ ದಶಕದಿಂದ ಇದೆ. ಮಾತು ಬಾರದ ಮಕ್ಕಳಿಗೆ, ಕಿವಿ ಕೇಳದವರಿಗೆ ಅಂತ ಮಾತ್ರ ನಾನು ತಿಳಿದಿದ್ದೆ. ಯೌವನದಲ್ಲಿ ಅದರ ಮುಂದೆ ಎಷ್ಟು ಸಲ ಸೈಕಲ್ ತುಳಿದಿದ್ದೇನೋ. ದನಿಗೂ ಅಲ್ಲಿ ನೋಡುತ್ತಾರೆ ಅಂತ ಗೊತ್ತಾಗಲು ಐವತ್ನಾಲ್ಕು ವರ್ಷ ಆಗಬೇಕಾಯಿತು. ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಹೋದೆ. ಚೀಟಿ ಮಾಡಿಸುವ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಸ್ಕೂಲ್ ಟೀಚರಮ್ಮ, ಹಿಂದೆ ಒಬ್ಬ ತರಕಾರಿ ಕೂಗಿ ಮಾರುವವನು. ಮೂವರಿಗೂ ಒಂದೇ ಕಾಯಿಲೆ. ಮೂವರೂ ಮಾತಾಡಲಾಗದೆ ಒಬ್ಬರಿಗೊಬ್ಬರು ತಲೆ ಆಡಿಸಿಕೊಂಡು ಕೂತೆವು.

ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಡಾಕ್ಟರು ನನ್ನ ನಾಲಿಗೆಯನ್ನು ಬಟ್ಟೆ ಚೂರಿನಲ್ಲಿ ಹಿಡಿದು ಹೊರಕ್ಕೆ ಎಳೆದು, ಉದ್ದನೆಯ ಕಡ್ಡಿಯಂಥ ಕ್ಯಾಮೆರಾ ಬಾಯೊಳಗೆ ಬಿಟ್ಟರು. "ಈ ಅನ್ನಿ." ನಾಲಿಗೆ ಅವರ ಕೈಯಲ್ಲಿದೆ, ಈ ಅನ್ನುವುದು ಹೇಗೆ? ವಾಂತಿ ಬಂದಂತಾಯಿತು. ಮೂರನೇ ಸಲಕ್ಕೆ ಹೇಗೋ ಅಂದೆ. ಪಕ್ಕದ ಟಿವಿಯಲ್ಲಿ ಕಾಣಿಸಿತು.

ಮೂವತ್ತು ವರ್ಷ ಅನ್ನ ಹಾಕಿದ ವಸ್ತುವನ್ನು ಮೊದಲ ಸಲ ನೋಡಿದೆ. ಎರಡು ಬಿಳಿ ಪಟ್ಟಿ, ಅವೇ ದನಿಯ ತಂತುಗಳು, ತಲೆಕೆಳಗಾದ ವಿ ಆಕಾರ. ಉದ್ದ ಸುಮಾರು ಎರಡು ಸೆಂಟಿಮೀಟರ್ ಅಂದರು. ಒಂದು ಹಾರ್ಮೋನಿಯಂ ರೀಡಿನಷ್ಟೂ ಇಲ್ಲ. ಆಮೇಲೆ ಬೇರೆ ಬೆಳಕು ಹಾಕಿದರು, ಮಿಣಮಿಣ ಮಿನುಗುವ ಬೆಳಕು. ಟ್ಯೂಬ್‌ಲೈಟ್ ಕೆಳಗೆ ಫ್ಯಾನಿನ ರೆಕ್ಕೆ ಒಮ್ಮೊಮ್ಮೆ ನಿಧಾನ ತಿರುಗಿದಂತೆ ಕಾಣುತ್ತಲ್ಲ, ಅದೇ ಉಪಾಯ. ಕಣ್ಣಿಗೆ ಸಿಗದಷ್ಟು ಜೋರಾಗಿ ಅದುರುವ ತಂತುಗಳು ಅಲೆ ಅಲೆಯಾಗಿ ತೆರೆದು ಮುಚ್ಚುವುದು ಕಾಣಿಸಿತು. ಎಡಗಡೆಯದು ಚೆನ್ನಾಗಿ ಅಲೆಯುತ್ತಿತ್ತು. ಬಲಗಡೆಯದರ ಅಂಚಿನಲ್ಲಿ ಕೆಂಪಗೆ ಒಂದು ಗುಳ್ಳೆ, ಮೆಂತ್ಯದ ಕಾಳಿನಷ್ಟು. ಅದು ಅಡ್ಡ ಬಂದು ಎರಡು ತಂತು ಸೇರುತ್ತಲೇ ಇರಲಿಲ್ಲ. ಬಲದ್ದು ಒಂದು ಲೆಕ್ಕದಲ್ಲಿ, ಎಡದ್ದು ಇನ್ನೊಂದು ಲೆಕ್ಕದಲ್ಲಿ ಅದುರುತ್ತಿತ್ತು. ಎರಡು ದನಿ ಬರುತ್ತಿದ್ದದ್ದು ಅದಕ್ಕೆ.

"ಪಾಲಿಪ್" ಅಂದರು. "ಯಾವಾಗಲಾದರೂ ಕೂಗುತ್ತಿದ್ದಾಗ ಪಟ್ ಅಂತ ದನಿ ಹೋಗಿತ್ತಾ?" ಅಂತ ಕೇಳಿದರು. ತಲೆ ಆಡಿಸಿದೆ. ಒಂದು ಸಲ ಜೋರಾಗಿ ಕಿರುಚಿದರೂ ಸಾಕಂತೆ, ತಂತುವಿನೊಳಗೆ ಸಣ್ಣ ರಕ್ತನಾಳ ಒಡೆದು ಗುಳ್ಳೆ ಕಟ್ಟಿಕೊಳ್ಳಲು. ಆಮೇಲೆ ಅದರ ಮೇಲೇ ದಿನಾ ಹಾಡಿದರೆ ಬೆಳೆಯುತ್ತದೆ.

ನನ್ನ ಶ್ರುತಿ ಕೇಳಿ ತಿಳಿದುಕೊಂಡ ಥೆರಪಿಸ್ಟ್ ಹುಡುಗಿ ಒಂದು ಲೆಕ್ಕ ಹೇಳಿದಳು. ಕೇರಳದ ಕಡೆಯವಳಿರಬೇಕು, ಕನ್ನಡ ತಡವರಿಸಿಕೊಂಡು ಮಾತಾಡುತ್ತಿದ್ದಳು. ಗಂಡಸು ಸುಮ್ಮನೆ ಮಾತಾಡುವಾಗ ಈ ತಂತುಗಳು ಸೆಕೆಂಡಿಗೆ ನೂರು, ನೂರಿಪ್ಪತ್ತು ಸಲ ಒಂದಕ್ಕೊಂದು ಬಡಿಯುತ್ತವೆ. ಕಪ್ಪು ಮೂರರ ಮೇಲಿನ ಷಡ್ಜಕ್ಕೆ 370 ಸಲ. "ಸರ್, ನೀವು ದಿನ ಮೂರು ಗಂಟೆ ಚಪ್ಪಾಳೆ ಹೊಡೀತೀರಿ, ಹೀಗೆ" ಅಂತ ಎರಡೂ ಅಂಗೈ ಪಟಪಟ ಬಡಿದು ತೋರಿಸಿ, ಕೆಂಪಾದ ಅಂಗೈ ನನ್ನ ಮುಂದೆ ಹಿಡಿದಳು. ನಾನು ವರ್ಷಕ್ಕೊಮ್ಮೆ ತಪ್ಪದೆ ಹಾರ್ಮೋನಿಯಂ ಬಿಚ್ಚಿಸಿ, ರೀಡಿನ ಧೂಳು ತೆಗೆಸಿ, ತಿದಿಯ ಚರ್ಮ ನೋಡಿಸುವವನು. ಒಂದು ರೀಡು ಸ್ವಲ್ಪ ಬೇಸೂರಾದರೆ ನಿದ್ದೆ ಬರುತ್ತಿರಲಿಲ್ಲ.

ಇನ್ನೂ ಸುಮಾರು ವಿಷಯ ಬಯಲಿಗೆ ಬಂತು. ರಾತ್ರಿ ಊಟ ಎಷ್ಟು ಗಂಟೆಗೆ? ಪ್ರಾಕ್ಟೀಸು ಮುಗಿದ ಮೇಲೆ, ಹನ್ನೊಂದೂವರೆ. ಏನು ಊಟ? ಕಲಿಸುವ ಊರಿನಲ್ಲಿ ಮೇಷ್ಟ್ರಿಗೆ ದಿನಾ ಒಬ್ಬೊಬ್ಬರ ಮನೆಯಲ್ಲಿ ಊಟ. ಯಾರೂ ಸೊಪ್ಪಿನ ಸಾರು ಮಾಡುವುದಿಲ್ಲ, ಕೋಳಿ ಇಲ್ಲವೇ ಬೋಟಿ. ಮುದ್ದೆ ಉಂಡು ಅಲ್ಲೇ ಚಾಪೆ ಹಾಸಿ ಉರುಳಿಕೊಳ್ಳುವುದು. ಹೊಟ್ಟೆಯ ಹುಳಿ ರಾತ್ರಿಯೆಲ್ಲಾ ಗಂಟಲಿಗೆ ಏರಿ ತಂತುವನ್ನು ಸುಡುತ್ತಿತ್ತಂತೆ. ಜತೆಗೆ ದಿನಕ್ಕೆ ಎಂಟು ಟೀ, ಎಲೆ ಅಡಿಕೆ, ಹೊಗೆಸೊಪ್ಪು. ಹೊಗೆಸೊಪ್ಪು ಅಂದಾಗ ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ತೆಗೆದದ್ದನ್ನ ಬಯಾಪ್ಸಿಗೆ ಕಳಿಸ್ತಾರೆ" ಅಂದರು. ಆ ಮಾತು ಮೈಸೂರಿನಿಂದ ಮಂಡ್ಯದವರೆಗೆ ರೈಲಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂತು. ಮನೆಗೆ ಬಂದು ಹೊಗೆಸೊಪ್ಪಿನ ಡಬ್ಬಿ ಹಿತ್ತಲಿಗೆ ಎಸೆದೆ. ಹೆಂಡತಿ ಇಪ್ಪತ್ತು ವರ್ಷ ಬೈದಿದ್ದಳು. ಆಗ ಬಿಡದವನು ಒಂದು ಪದಕ್ಕೆ ಬಿಟ್ಟೆ.

ಆಪರೇಷನ್ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆಯಿತು. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ನನಗೆ ಎಚ್ಚರವೇ ಇರಲಿಲ್ಲ. ಹೊರಗೆ ಕೊಯ್ಯುವುದಿಲ್ಲ, ಬಾಯಿಯಿಂದಲೇ ಕೊಳವೆ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿಕೊಂಡು ತೆಗೆಯುತ್ತಾರೆ. ಎದ್ದಾಗ ಹಲ್ಲು ನೋವು, ನಾಲಿಗೆ ಮರಗಟ್ಟಿತ್ತು. ಮಾರನೇ ದಿನ ಮನೆಗೆ ಕಳಿಸಿದರು. ಏಳು ದಿನ ಪೂರ್ತಿ ಮೌನ. ಪಿಸುಮಾತೂ ಕೂಡದು. ಪಿಸುಗುಟ್ಟುವಾಗ ತಂತು ಇನ್ನೂ ಬಿಗಿಯುತ್ತದಂತೆ. ಗಂಟಲು ಖಾಕರಿಸಬಾರದು, ಹಾಗೆ ಅನ್ನಿಸಿದರೆ ಒಂದು ಗುಟುಕು ನೀರು ನುಂಗಬೇಕು.

ಕಷ್ಟ ಆದದ್ದು ಈ ಏಳು ದಿನ. ಸ್ಟೀಲ್ ಲೋಟಕ್ಕೆ ಚಮಚದಲ್ಲಿ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಮೊಮ್ಮಗ ಅದನ್ನೇ ಆಟ ಮಾಡಿಕೊಂಡು "ತಾತ, ನೀನು ಕತ್ತೆನಾ?" ಅಂತ ಕೇಳಿ, ನಾನು ಎರಡು ಸಲ ಬಡಿಯುವಷ್ಟರಲ್ಲಿ ಚಮಚ ಕಿತ್ತುಕೊಂಡು ಓಡುತ್ತಿದ್ದ. ಫೋನೆಲ್ಲಾ ಹೆಂಡತಿಯೇ ಎತ್ತುತ್ತಿದ್ದಳು. ಮೂರನೇ ದಿನ ಮದ್ದೂರು ಕಡೆಯ ಊರಿನ ಕಮಿಟಿಯವರ ಫೋನು. ಅವಳು ಸ್ಪೀಕರಿಗೆ ಹಾಕಿದಳು. "ಅಕ್ಕೋ, ಮೇಷ್ಟ್ರಿಗೆ ಯೋಳ್ಬುಡಿ, ಬೇಜಾರ್ ಮಾಡ್ಕಬಾರ್ದು. ಡೇಟ್ ಫಿಕ್ಸ್ ಆಗೋಗದೆ, ಫ್ಲೆಕ್ಸೂ ಹಾಕ್ಸಾಗದೆ. ಬ್ಯಾರೆ ಮೇಷ್ಟ್ರು ಕರ್ಕಂಡಿವಿ. ಅಡ್ವಾನ್ಸ್ ಆಮ್ಯಾಕ್ ನೋಡ್ಕಳಾಣ." ಅವರದ್ದೇನೂ ತಪ್ಪಿಲ್ಲ. ಆದರೂ ನನಗೆ ಕೂಗಿ ಬೈಯಬೇಕು ಅನ್ನಿಸಿತು. ಲೋಟ ಹತ್ತಿರವೇ ಇತ್ತು. ಒಂದು ಸಲ ಬಡಿದೆ.

ಇನ್ನು ಎರಡು ಊರಿನವರೂ ಅದೇ ದಾರಿ ಹಿಡಿದರು. ಮನೆ ನಡೆದದ್ದು ಮಗನ ಸಂಬಳದಲ್ಲಿ, ಹೆಂಡತಿಯ ಎರಡು ಹಸುವಿನ ಹಾಲಿನಲ್ಲಿ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕು ಅಂತ ಒಬ್ಬರು ಹೇಳಿದರು. ಅದಕ್ಕೆ 58 ತುಂಬಿರಬೇಕು. ಕಾಯಿಲೆಗೆ ಅದೆಲ್ಲ ಗೊತ್ತಾಗುತ್ತದೆಯೇ? ನಾಲ್ಕು ವರ್ಷ ಮೊದಲೇ ಬಂದಿತ್ತು.

ಬಯಾಪ್ಸಿ ರಿಪೋರ್ಟು ಒಳ್ಳೆಯದೇ ಬಂತು. ಹೆಂಡತಿ ಆ ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು, ಈಗಲೂ ಅಲ್ಲೇ ಇದೆ.

ಆ ಮದ್ದೂರು ಕಡೆಯ ನಾಟಕಕ್ಕೆ ಹೋಗಲೇಬಾರದು ಅಂದುಕೊಂಡಿದ್ದೆ. ತಬಲ ಸಾಹೇಬರು ಬೈಕು ತಂದು ಮನೆ ಮುಂದೆ ನಿಲ್ಲಿಸಿ, "ಬನ್ನಿ ಮೇಷ್ಟ್ರೇ, ಸುಮ್ನೆ ಕೂತ್ಕೊಂಡ್ ನೋಡಿ" ಅಂದರು. ಹೋದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕುರುಕ್ಷೇತ್ರವನ್ನು ಜನರ ನಡುವೆ ಕೂತು ನೋಡಿದೆ. ಯಾವತ್ತೂ ಪೆಟ್ಟಿಗೆಯ ಹಿಂದಿನಿಂದ, ಪಾತ್ರಧಾರಿಗಳ ಬೆನ್ನು ಮಾತ್ರ ನೋಡಿದವನು. ಎದುರಿನಿಂದ ನೋಡಿದರೆ ಎಲ್ಲಾ ಬೇರೆ. ಕಿರೀಟ ಎಷ್ಟು ಫಳಫಳ, ಕಡಲೆಕಾಯಿ ಮಾರುವವನ ಗಲಾಟೆ ಎಷ್ಟು ಜೋರು.

ಹೊಸ ಮೇಷ್ಟ್ರು ಬಂದು ಬರೀ ಹದಿನೈದು ದಿನ ಆಗಿತ್ತು. ಹುಡುಗರು ಹಾಡುತ್ತಿದ್ದದ್ದೆಲ್ಲಾ ನಾನು ಎರಡೂವರೆ ತಿಂಗಳು ಕಲಿಸಿದ್ದೇ. ದುರ್ಯೋಧನ ಎಂಟ್ರಿ ಕೊಟ್ಟು ಎತ್ತಿದ. ಎರಡನೇ ಸಾಲಿಗೆ ನನ್ನ ಮೈ ತಣ್ಣಗಾಯಿತು. ಅವನಿಗೆ ಗಟ್ಟಿ ಕಂಚಿನ ದನಿ, ನನಗೆ ಗೊತ್ತು, ಅವನನ್ನು ಆರಿಸಿದ್ದೇ ನಾನು. ಆದರೆ ಮೇಲಿನ ಸ್ವರಕ್ಕೆ ಹೋಗುವಾಗ ಗಂಟಲು ಬಿಗಿದು, ಗೊರಗೊರ ಅಂತ ಸದ್ದು ಕಟ್ಟಿ, ದಮ್ಮು ಹಿಡಿದು ತಳ್ಳುತ್ತಿದ್ದ. ಕರ್ಣ ಬಂದ, ಅವನೂ ಹಾಗೆ. ಹದಿನೆಂಟು ವರ್ಷದ ಅಭಿಮನ್ಯು, ಹಾಲಿನಂಥ ಗಂಟಲು, ಅವನೂ ಪದ್ಯದ ಕೊನೆಯಲ್ಲಿ ದನಿ ಒಡೆಸಿ, ಗಾಳಿ ಬಿಟ್ಟು ನಿಲ್ಲಿಸಿದ. ನನ್ನ ಗುಳ್ಳೆಯ ದನಿ ಅದು. ಕಿವಿಯಿಂದ ಕಲಿಯುವವರು ಅಂದೆನಲ್ಲ. ಮೇಷ್ಟ್ರು ಹೇಗೆ ಹಾಡಿದರೋ ಹಾಗೇ ಕಲಿತಿದ್ದರು, ಕಾಯಿಲೆಯ ಸಮೇತ. ಪಕ್ಕದಲ್ಲಿದ್ದ ಒಬ್ಬ ಮುದುಕಪ್ಪ "ಹೈಕ್ಳು ವಸಿ ಚೆನ್ನಾಗ್ ಎತ್ತವೆ" ಅಂತ ತಲೆದೂಗುತ್ತಿದ್ದ. ಕರ್ಣನ ಸಾವಿನ ತನಕ ಕೂರಲಾಗಲಿಲ್ಲ ನನಗೆ.

ಅದಾದ ಮೇಲೆ ಥೆರಪಿಗೆ ಒಂದು ವಾರವೂ ತಪ್ಪಿಸಲಿಲ್ಲ. ಎರಡು ತಿಂಗಳು, ಪ್ರತಿ ವಾರ ರೈಲು. ಮೊದಲ ದಿನ "ಆ ಅಂತ ಒಂದೇ ಉಸಿರಲ್ಲಿ ಎಷ್ಟು ಹೊತ್ತು ಎಳೀತೀರಿ?" ಅಂತ ಆ ಥೆರಪಿಸ್ಟ್ ಹುಡುಗಿ ಗಡಿಯಾರ ಹಿಡಿದಳು. ಆರು ಸೆಕೆಂಡು. ಗಂಡಸರು ಇಪ್ಪತ್ತರ ಹತ್ತಿರ ಎಳೆಯಬೇಕಂತೆ. ಒಂದು ಕಾಲಕ್ಕೆ ಗದಾಯುದ್ಧದ ಪದ್ಯದ ಕೊನೆಯಲ್ಲಿ ಷಡ್ಜ ಹಿಡಿದರೆ ಜನ ಶಿಳ್ಳೆ ಹೊಡೆದು ಸುಸ್ತಾಗುವ ತನಕ ಬಿಡುತ್ತಿರಲಿಲ್ಲ ನಾನು.

ಹೇಳಿಕೊಟ್ಟ ಕಸರತ್ತು ನೋಡಿದರೆ ನಗು ಬರುತ್ತದೆ. ಅರ್ಧ ಬಾಟ್ಲಿ ನೀರು, ಅದರೊಳಗೆ ಸ್ಟ್ರಾ. ಸ್ಟ್ರಾ ಬಾಯಲ್ಲಿಟ್ಟು "ಊ" ಅಂತ ದನಿ ಬಿಡಬೇಕು, ನೀರು ಗುಳುಗುಳು ಅನ್ನಬೇಕು. ಗುಳ್ಳೆ ಒಂದೇ ಸಮ ಬರಬೇಕು, ಎದ್ದು ಬಿದ್ದು ಬರಬಾರದು. ಎದುರಿನಿಂದ ನೀರು ಒತ್ತುವುದರಿಂದ ತಂತುಗಳು ಒಂದಕ್ಕೊಂದು ಅಪ್ಪಳಿಸದೆ ಮೆಲ್ಲಗೆ ಸೇರುತ್ತವಂತೆ. ಆಮೇಲೆ ತುಟಿ ಬುರ್ರ್ ಅನ್ನಿಸಿಕೊಂಡು ಸರಿಗಮ ಹತ್ತಿ ಇಳಿಯುವುದು, ಮಕ್ಕಳು ಬಸ್ಸು ಓಡಿಸುವ ಹಾಗೆ. ಆಮೇಲೆ ಬಾಯಿ ಮುಚ್ಚಿ "ಮ್". ಮೂಗಿನ ಬುಡ, ತುಟಿ ಜುಮ್ಮೆನ್ನಬೇಕು, ಗಂಟಲಲ್ಲಿ ಏನೂ ಗೊತ್ತಾಗಬಾರದು. ಇದು ಹಿಡಿತಕ್ಕೆ ಸಿಗಲು ಮೂರು ವಾರ ಆಯಿತು. ಗಂಟಲಲ್ಲಿ ಏನೂ ಗೊತ್ತಾಗದಿದ್ದರೆ ಹಾಡಿದ ಹಾಗೇ ಅನ್ನಿಸುತ್ತಿರಲಿಲ್ಲ ನನಗೆ. ಶ್ರಮ ಪಟ್ಟರೆ ತಾನೇ ಸಂಗೀತ?

ಒಂದು ದಿನ ಆ ಹುಡುಗಿಗೆ ಪಿಟೀಲು ಚೌಡಯ್ಯನವರ ಕತೆ ಹೇಳಿದೆ. ತಿರುಮಕೂಡಲಿನವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕಿಲ್ಲದ ಕಾಲದಲ್ಲಿ ಪಿಟೀಲಿನ ನಾದ ಹಿಂದಿನವರಿಗೆ ಕೇಳುವುದಿಲ್ಲ ಅಂತ ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡವರು. ಅವಳು ಕೇಳಿ, "ಅವರು ತಂತಿ ಸೇರಿಸಿದರು, ಇರೋದನ್ನ ಜೋರಾಗಿ ಉಜ್ಜಲಿಲ್ಲ ಅಲ್ವಾ ಸರ್?" ಅಂದಳು. ಮೂವತ್ತು ವರ್ಷದಿಂದ ಆ ಕತೆಯನ್ನು ಎಲ್ಲರಿಗೂ ಹೇಳಿದ್ದೇನೆ. ಅವಳು ಕೇಳಿದ ಹಾಗೆ ನಾನೇ ಕೇಳಿರಲಿಲ್ಲ.

ಎರಡು ತಿಂಗಳ ಕೊನೆಗೆ ಹದಿನೈದು ಸೆಕೆಂಡು ಎಳೆದೆ. ಮತ್ತೆ ಕ್ಯಾಮೆರಾ ಬಿಟ್ಟು ತೋರಿಸಿದರು. ಎರಡೂ ಪಟ್ಟಿ ಒಂದೇ ಲೆಕ್ಕದಲ್ಲಿ ಅಲೆಯುತ್ತಿದ್ದವು. ಆದರೆ ಹಳೆಯ ದನಿ ಬಂತಾ ಅಂದರೆ, ಇಲ್ಲ. ಮಾತು ಚೆನ್ನಾಗಿದೆ. ಕೆಳಗಿನ ಸ್ವರಗಳು ಮೊದಲಿಗಿಂತ ತುಂಬಿಕೊಂಡಿವೆ. ಮೇಲೆ ಒಂದು ಗೆರೆ ಇದೆ, ಅದನ್ನು ದಾಟಿದರೆ ಹಳೆಯ ಬಾಗಿಲಿನ ಹಾಗೆ ಕಿರ್ ಅನ್ನುತ್ತದೆ. ಕಪ್ಪು ಮೂರು ನನ್ನ ಪಾಲಿಗೆ ಮುಗಿಯಿತು.

ಈಗ ನಾನು ಕಲಿಸುವುದು ಕಪ್ಪು ಒಂದರಲ್ಲಿ. ಕಾಲರ್ ಮೈಕು ಹಾಕಿಕೊಂಡು ಪ್ರಾಕ್ಟೀಸು. ಒಂದು ಪದ್ಯವನ್ನು ಬಾಯಲ್ಲಿ ಐದು ಸಲ, ಉಳಿದದ್ದು ಪೆಟ್ಟಿಗೆಯಲ್ಲೇ. ದ್ರೌಪದಿಯ ಪದ್ಯಗಳನ್ನು ಆ ಹೆಣ್ಣುಮಗಳ ಕೈಲೇ ಹಾಡಿಸಿ ಫೋನಿಗೆ ತರಿಸಿಕೊಂಡಿದ್ದೇನೆ, ಪ್ರಾಕ್ಟೀಸಿಗೆ ಅದನ್ನೇ ಹಾಕುವುದು. ಊಟ ಈಗ ಪ್ರಾಕ್ಟೀಸಿಗೆ ಮೊದಲೇ. ಆತಿಥ್ಯ ಮಾಡುವವರಿಗೆ ಇದು ಬೇಜಾರು. "ಮೇಷ್ಟ್ರು ಸರ್ಕಾರಿ ಟೈಮಿಗೆ ಉಣ್ತರೆ" ಅಂತ ಮಾತು.

ಜಗಳ ಆದದ್ದು ಶ್ರುತಿಗೆ. ಕೆ.ಎಂ.ದೊಡ್ಡಿ ಕಡೆಯ ಊರು, ದುರ್ಯೋಧನನ ಪಾರ್ಟು ಹಿಡಿದವರು ಅರವತ್ತು ದಾಟಿದ ಗೌಡರು, ಆರನೇ ಸಲ ದುರ್ಯೋಧನ. ಕಪ್ಪು ಒಂದು ಒತ್ತಿದ ತಕ್ಷಣ ಎದ್ದು ನಿಂತರು. "ಇದೇನ್ ಮೇಷ್ಟ್ರೇ, ಜೋಗುಳ ಆಡ್ಸಿರಾ? ಕೌರವ ಬತ್ತಾವ್ನೆ ಅಂದ್ರೆ ಊರ್ ಅದ್ರಬೇಕು!" ಸ್ಪೀಕರ್ ಅದುರಿಸುತ್ತದೆ, ನೀವು ಯಾಕೆ ಅದುರಬೇಕು ಅಂದೆ. ಒಪ್ಪಲಿಲ್ಲ. ಮೂರು ದಿನ ಪ್ರಾಕ್ಟೀಸಿಗೆ ಬರಲಿಲ್ಲ. ಕೊನೆಗೆ ಗೌಡರೊಬ್ಬರಿಗೆ ಕಪ್ಪು ಎರಡು, ಉಳಿದವರಿಗೆಲ್ಲಾ ಕಪ್ಪು ಒಂದು ಅಂತ ರಾಜಿ ಆಯಿತು. ಕೀಬೋರ್ಡಿನ ಹುಡುಗನಿಗೆ ಒಂದು ಬಟನ್ ಒತ್ತಿದರೆ ಮುಗಿಯಿತು. ನನ್ನ ಪೆಟ್ಟಿಗೆಯಲ್ಲಿ ಬಟನ್ ಇಲ್ಲ. ಗೌಡರು ಸ್ಟೇಜಿಗೆ ಬಂದಾಗಲೆಲ್ಲಾ ಬೆರಳು ಜಾಗ ಬದಲಾಯಿಸಬೇಕು, ಐವತ್ತರ ಮೇಲೆ ಹೊಸದಾಗಿ ಕಲಿಯುತ್ತಿದ್ದೇನೆ. ದಿನಕ್ಕೆ ನಾಲ್ಕು ಸಲ ತಪ್ಪುತ್ತೇನೆ, ಗೌಡರು ನಾಲ್ಕು ಸಲವೂ ಮೀಸೆಯಲ್ಲೇ ನಗುತ್ತಾರೆ.

ಬರುವ ಶನಿವಾರ ನಾಟಕ. ನಿನ್ನೆ ಪ್ರಾಕ್ಟೀಸಿಗೆ ಹೋದರೆ ಕೃಷ್ಣನಿಗೆ ಗಂಟಲು ಕಟ್ಟಿದೆ. ಯಾರೂ ಮೆಣಸು, ಬ್ರಾಂದಿ ಅನ್ನಲಿಲ್ಲ. ಇವತ್ತು ಹಾಡಬೇಡ ಕೂತಿರು ಅಂದೆ. ಮೂಲೆಗೆ ಹೋಗಿ, ಬಿಸ್ಲೇರಿ ಬಾಟ್ಲಿಗೆ ಎಳನೀರಿನ ಸ್ಟ್ರಾ ಹಾಕಿ ಗುಳುಗುಳು ಅನ್ನಿಸುತ್ತಾ ಕೂತ. ಪಕ್ಕದಲ್ಲಿ ಭೀಮ, ತೊಡೆಯ ಮೇಲೆ ಗದೆ, ಸ್ವಲ್ಪ ಹೊತ್ತು ಅವನನ್ನೇ ನೋಡಿ, "ಲೋ, ನಂಗೂ ಒಂದ್ ಸ್ಟ್ರಾ ಕೊಡ್ಲಾ" ಅಂದ.